ಆ್ಯಂಪ್ ಒಳಗಿರಬೇಕೋ ಹೊರಗಿರಬೇಕೋ? ಸ್ಟುಡಿಯೊ ಮಾನಿಟರ್ ಕೊಳ್ಳುವ ಮುನ್ನ

ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಕಡೆ ಮನೆ ಸ್ಟುಡಿಯೊಗಳು ಈಗ ಹೊಸದಲ್ಲ. ಮಾಳಿಗೆ ಮೇಲೊಂದು ಕೋಣೆ, ಲ್ಯಾಪ್‌ಟಾಪ್, ಮೈಕು-ಸ್ಪೀಕರುಗಳನ್ನು ಅದಕ್ಕೆ ಜೋಡಿಸುವ ಆಡಿಯೊ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕ್. ಡೊಳ್ಳಿನ ಪದ, ಭಜನಾ ಪದ, ಜಾತ್ರೆ ಹತ್ತಿರ ಬಂದಾಗ ಬಿಡುವ ಜಾನಪದ ಹಾಡು ಎಲ್ಲವೂ ಅಲ್ಲೇ ತಯಾರಾಗುತ್ತವೆ. ಹೆಡ್‌ಫೋನಿನಲ್ಲಿ ಸರಿಯಾಗಿಯೇ ಕೇಳಿಸಿದ ಹಾಡು ಟ್ರ್ಯಾಕ್ಟರಿನ ಡೆಕ್ಕಿನಲ್ಲಿ ಹಾಕಿದಾಗ ಹಾಡುಗಾರನ ದನಿಯನ್ನು ಡೊಳ್ಳು ನುಂಗಿಬಿಟ್ಟಿರುತ್ತದೆ. ಹಾಡನ್ನು ಇದ್ದದ್ದು ಇದ್ದಂತೆ ಕೇಳಿಸುವ ಮಾನಿಟರ್ ಸ್ಪೀಕರ್ ಬೇಕು ಅನ್ನಿಸುವುದು ಆಗ.

ಅಂಗಡಿಗೆ ಹೋದವರು ಕೇಳುವ ಮೊದಲ ಪ್ರಶ್ನೆ, "ಎಷ್ಟ್ ವ್ಯಾಟ್ ಐತ್ರಿ?" ಕೊನೆಗೆ ಕೇಳಬೇಕಾದ ಪ್ರಶ್ನೆ ಅದು. ಆ್ಯಂಪ್ಲಿಫೈಯರ್ ಸ್ಪೀಕರಿನ ಡಬ್ಬಿಯೊಳಗೇ ಇರುವ ಆ್ಯಕ್ಟಿವ್ ಬೇಕೋ, ಹೊರಗೆ ಬೇರೆ ಆ್ಯಂಪ್ ಬೇಡುವ ಪ್ಯಾಸಿವ್ ಬೇಕೋ ಎಂಬುದು ಮೊದಲು ತೀರ್ಮಾನವಾಗಬೇಕು. ನಮ್ಮ ಭಾಗದಲ್ಲಿ ಈ ತೀರ್ಮಾನವನ್ನು ಕಿವಿಗಿಂತ ಹೆಚ್ಚಾಗಿ ಮನೆಯ ಕರೆಂಟು, ಕೋಣೆಯ ಅಳತೆ ಮತ್ತು ಹತ್ತಿರದ ಮೆಕ್ಯಾನಿಕ್ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಒಳಗಿನ ವ್ಯವಸ್ಥೆ ತಿಳಿದುಕೊಳ್ಳಿ

ಸಾಮಾನ್ಯ ಮಾನಿಟರಿನಲ್ಲಿ ಎರಡು ಘಟಕ: ಕೆಳಗಿನ ದನಿಗೆ ವೂಫರ್, ಮೇಲಿನ ದನಿಗೆ ಟ್ವೀಟರ್. ಯಾವ ದನಿ ಯಾವುದಕ್ಕೆ ಹೋಗಬೇಕೆಂದು ಬೇರ್ಪಡಿಸುವುದು ಕ್ರಾಸ್‌ಓವರ್. ಪ್ಯಾಸಿವ್ ಸ್ಪೀಕರಿನಲ್ಲಿ ಆ್ಯಂಪ್ ಸಿಗ್ನಲನ್ನು ದೊಡ್ಡದು ಮಾಡಿದ ಮೇಲೆ ಕಾಯಿಲ್, ಕೆಪಾಸಿಟರುಗಳ ಕ್ರಾಸ್‌ಓವರ್ ಅದನ್ನು ಒಡೆಯುತ್ತದೆ. ಹೀಗಾಗಿ ಸ್ವಲ್ಪ ಶಕ್ತಿ ಆ ಕಾಯಿಲಿನಲ್ಲೇ ಬಿಸಿಯಾಗಿ ಹೋಗುತ್ತದೆ, ವೂಫರಿನ ಮೇಲೆ ಆ್ಯಂಪಿಗಿರುವ ಹಿಡಿತವೂ ತುಸು ಸಡಿಲಾಗುತ್ತದೆ. ಆ್ಯಕ್ಟಿವ್‌ನಲ್ಲಿ ಸಿಗ್ನಲ್ ಇನ್ನೂ ಚಿಕ್ಕದಿರುವಾಗಲೇ ಬೇರ್ಪಡುತ್ತದೆ. ವೂಫರಿಗೊಂದು, ಟ್ವೀಟರಿಗೊಂದು ಪ್ರತ್ಯೇಕ ಆ್ಯಂಪ್. ಯಮಹಾ ಎಚ್‌ಎಸ್5ರಲ್ಲಿ ವೂಫರಿಗೆ 45 ವಾಟ್, ಟ್ವೀಟರಿಗೆ 25 ವಾಟ್ ಇರುವುದು ಹೀಗೆ. ಯಾವ ಘಟಕಕ್ಕೆ ಎಷ್ಟು ಶಕ್ತಿ ಎಂಬ ಹೊಂದಾಣಿಕೆಯನ್ನು ತಯಾರಕರೇ ಮುಗಿಸಿಕೊಟ್ಟಿರುತ್ತಾರೆ.

ಇಲ್ಲೊಂದು ಎಚ್ಚರಿಕೆ. ಗೋಡೆಯ ಪ್ಲಗ್ಗಿಗೆ ಹೋಗುವುದೆಲ್ಲ ಈ ಅರ್ಥದ ಆ್ಯಕ್ಟಿವ್ ಅಲ್ಲ. ಪ್ರಿಸೋನಸ್ ಎರಿಸ್ 3.5ರಂಥ ಚಿಕ್ಕ ಜೋಡಿಗಳಲ್ಲಿ ಆ್ಯಂಪ್ ಒಂದೇ ಡಬ್ಬಿಯಲ್ಲಿದ್ದು, ಇನ್ನೊಂದಕ್ಕೆ ಬರೀ ವೈರ್ ಎಳೆದಿರುತ್ತದೆ. ಕಲಿಯುವವರಿಗೆ ಅದೇನೂ ಕೆಟ್ಟದ್ದಲ್ಲ. ಆದರೆ ಪ್ರತಿ ಘಟಕಕ್ಕೂ ಬೇರೆ ಆ್ಯಂಪ್ ಇದೆಯೇ ಎಂದು ಕೇಳಿಯೇ ಹಣ ಕೊಡಿ.

ಪ್ಯಾಸಿವ್ ಎಂದರೆ ಹಳೇ ಕಾಲದ್ದು, ಕೀಳು ಎಂಬ ಮಾತನ್ನು ನಂಬಬೇಡಿ. ಬಿಳಿ ಕೋನಿನ ಯಮಹಾ ಎನ್‌ಎಸ್-10 ಪ್ಯಾಸಿವ್ ಸ್ಪೀಕರೇ. 1978ರಲ್ಲಿ ಮನೆಯಲ್ಲಿ ಹಾಡು ಕೇಳುವವರಿಗೆಂದು ಬಂದ ಅದು ಜಗತ್ತಿನ ದೊಡ್ಡ ದೊಡ್ಡ ಸ್ಟುಡಿಯೊಗಳ ಮೇಜು ಹತ್ತಿತು. 2001ರಲ್ಲಿ ಅದರ ತಯಾರಿಕೆ ನಿಂತಿದ್ದು ಕೋನಿಗೆ ಬೇಕಾದ ಮರದ ತಿರುಳು ಸಿಗದಾದ್ದರಿಂದ. ಅದೇ 1978ರಲ್ಲೇ ಫಿನ್‌ಲೆಂಡಿನಲ್ಲಿ ಜೆನೆಲೆಕ್ ಕಂಪನಿ ಆ್ಯಕ್ಟಿವ್ ಮಾನಿಟರಿನೊಂದಿಗೆ ಶುರುವಾಯಿತು. ಎರಡೂ ದಾರಿ ಜೊತೆಜೊತೆಗೇ ಬೆಳೆದವು.

ಮನೆಯಲ್ಲಿ ಈಗಾಗಲೇ ಏನಿದೆ ನೋಡಿ

ಒಳ್ಳೆಯ ಸ್ಟೀರಿಯೊ ಆ್ಯಂಪ್ ಮನೆಯಲ್ಲಿದ್ದರೆ ಪ್ಯಾಸಿವ್ ಜೋಡಿ ಅಗ್ಗಕ್ಕೆ ಬೀಳುತ್ತದೆ. ಎಷ್ಟು ವಾಟ್ ಬೇಕಾದೀತು? ಸ್ಪೀಕರಿನ ಸೆನ್ಸಿಟಿವಿಟಿ 87 ಡೆಸಿಬೆಲ್ ಎಂದಿದ್ದರೆ, ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ದನಿ ಬರುತ್ತದೆ ಎಂದರ್ಥ. ಮಿಕ್ಸ್ ಮಾಡಲು, ಅಂದರೆ ದನಿ-ವಾದ್ಯಗಳನ್ನು ಹದವಾಗಿ ಬೆರೆಸಲು, ಕೂರುವ ದೂರವೂ ಹೆಚ್ಚುಕಡಿಮೆ ಅಷ್ಟೇ, ಬೇಕಾಗುವ ದನಿ 80ರಿಂದ 85 ಡೆಸಿಬೆಲ್. ಅಂದರೆ ಬಹುತೇಕ ಸಮಯ ಒಂದು ವಾಟೂ ಖರ್ಚಾಗುವುದಿಲ್ಲ. ಹಲಗೆ ವಾದ್ಯದ ಏಟಿನಂಥ ದಿಢೀರ್ ಸಪ್ಪಳಕ್ಕೆ ಚಾನೆಲ್‌ಗೆ 40–50 ವಾಟ್ ಮೀಸಲಿದ್ದರೆ ಧಾರಾಳವಾಯಿತು. ಡಬ್ಬಿಯ ಮೇಲೆ ಸಾವಿರಗಟ್ಟಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ) ವಾಟ್ ಎಂದು ಬರೆದಿದ್ದರೆ ಆ ಅಂಕಿಯನ್ನು ಬಿಟ್ಟು ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ವಾಟ್ ಎಷ್ಟೆಂದು ನೋಡಿ.

ಮೈಕ್‌ಸೆಟ್ ಅಂಗಡಿಯ ಆ್ಯಂಪನ್ನೇ ತಂದು ಜೋಡಿಸುವ ಯೋಚನೆ ಹಲವರಿಗೆ ಬರುತ್ತದೆ, ಬೇಡ. ಅವುಗಳಲ್ಲಿ ಹೆಚ್ಚಿನವು ಒಂದೇ ಚಾನೆಲ್ಲಿನವು. ದೂರದೂರದ ಹಾರ್ನ್‌ಗಳಿಗಾಗಿ ಹಿಂದೆ 70, 100 ವೋಲ್ಟಿನ ತುದಿಗಳೂ ಇರುತ್ತವೆ. ಅಪ್ಪಿತಪ್ಪಿ 8 ಓಮಿನ (ಓಮ್ ಎಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಸ್ಪೀಕರನ್ನು ಆ ತುದಿಗೆ ಸಿಕ್ಕಿಸಿದರೆ ಸ್ಪೀಕರಿಗೂ ಆ್ಯಂಪಿಗೂ ಅಪಾಯ. ಸ್ಟೀರಿಯೊ ಆ್ಯಂಪಿನಲ್ಲೂ ಓಮ್ ಹೊಂದಿಸಲೇಬೇಕು. ಕನಿಷ್ಠ 8 ಓಮ್ ಎಂದು ಬರೆದ ಆ್ಯಂಪಿಗೆ 4 ಓಮಿನ ಸ್ಪೀಕರ್ ಕೊಟ್ಟರೆ ಆ್ಯಂಪ್ ಬಿಸಿಯಾಗುತ್ತದೆ, ಬೇಸಿಗೆಯಲ್ಲಿ ಬೇಗ ಕೈಕೊಡುತ್ತದೆ.

ವೈರಿಗೆ ಹೆಚ್ಚು ಹಣ ಸುರಿಯುವುದು ಬೇಡ. ಎರಡು-ಮೂರು ಮೀಟರಿಗೆ ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಸಾಕು. ಕೆಂಪು-ಕಪ್ಪು ಮಾತ್ರ ಎರಡೂ ಕಡೆ ಒಂದೇ ಥರ ಇರಲಿ. ಒಂದು ಬದಿ ತಿರುವುಮುರುವಾದರೆ ಬೇಸ್ ಮಾಯವಾಗುತ್ತದೆ, ನಡುವೆ ನಿಲ್ಲಬೇಕಾದ ಹಾಡುಗಾರನ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ.

ಕರೆಂಟಿನ ಪರೀಕ್ಷೆ

ಈ ಹೆಜ್ಜೆಯನ್ನು ದಾಟಿ ಹೋಗುವವರೇ ಹೆಚ್ಚು. ಸ್ಪೀಕರ್ ಆರ್ಡರ್ ಮಾಡುವ ಮೊದಲೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಮಲ್ಟಿಮೀಟರಿನಿಂದ ಮೂರು ಅಳತೆ ತೆಗೆಸಿ. ಫೇಸ್-ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು ಇರಬೇಕು. ಫೇಸ್-ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟಿಗಿಂತ ಹೆಚ್ಚು ಇರಬಾರದು. ಫೇಸ್-ಅರ್ಥ್ ಅಳತೆ ತೀರಾ ಕಡಿಮೆ ಬಂದರೆ ಅರ್ಥಿಂಗ್ ಹೆಸರಿಗಷ್ಟೇ ಇದೆ ಎಂದು ತಿಳಿಯಿರಿ, ಮೊದಲು ಅದನ್ನು ಸರಿಪಡಿಸಿ.

ಯಾಕಿಷ್ಟು ಕಾಳಜಿ? ಆ್ಯಕ್ಟಿವ್ ಜೋಡಿಗೆ ಎರಡು ಪ್ಲಗ್ ಬೇಕು, ಲ್ಯಾಪ್‌ಟಾಪ್ ಚಾರ್ಜರಿಗೆ ಮತ್ತೊಂದು. ಇವು ಬೇರೆ ಬೇರೆ ಬೋರ್ಡಿನಿಂದ ಬಂದರೆ ಅರ್ಥಿನ ತಂತಿಗಳೇ ಸುತ್ತು ಹಾಕಿಕೊಂಡು 50 ಹರ್ಟ್ಜಿನ ಗುಂಯ್ ಶಬ್ದ ಸ್ಪೀಕರಿನಲ್ಲಿ ಕೂರುತ್ತದೆ. ಎಲ್ಲವನ್ನೂ ಒಂದೇ ಬೋರ್ಡಿನಿಂದ ಕೊಡಿ. ಇಂಟರ್‌ಫೇಸಿನಿಂದ ಸ್ಪೀಕರಿಗೆ ಇಂಥ ಗುಂಯ್ ತಡೆಯುವ ಬ್ಯಾಲೆನ್ಸ್ಡ್ ಕೇಬಲ್ಲನ್ನೇ ಹಾಕಿ, ಅಂದರೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಅಥವಾ ಜ್ಯಾಕಿನ ಮೇಲೆ ಎರಡು ಕಪ್ಪು ಪಟ್ಟೆ ಇರುವ ಟಿಆರ್‌ಎಸ್. ಗುಂಯ್ ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ನು ಕತ್ತರಿಸುವವರಿದ್ದಾರೆ. ಶಬ್ದ ನಿಲ್ಲಬಹುದು, ಆದರೆ ಒಳಗೆ ಎಲ್ಲಾದರೂ ಕರೆಂಟ್ ಸೋರಿದರೆ ಅದು ನೇರ ಮುಟ್ಟಿದವರ ಮೈಗೆ. ಯಾವ ಕಾರಣಕ್ಕೂ ಹಾಗೆ ಮಾಡಬೇಡಿ.

ರಬಕವಿ-ಬನಹಟ್ಟಿಯಂಥ ಮಗ್ಗದ ಊರಿನಲ್ಲಿ ಪಕ್ಕದ ಶೆಡ್ಡಿನ ಪಾವರ್‌ಲೂಮ್ ಮೋಟಾರು ಶುರುವಾದಾಗ ದೀಪ ಮಂಕಾಗುವುದು ಕಂಡರೆ, ಆ ಏರಿಳಿತ ಸ್ಪೀಕರಿನೊಳಗಿನ ಸರ್ಕಿಟ್ಟಿಗೂ ತಟ್ಟುತ್ತಿದೆ ಎಂದು ಲೆಕ್ಕ. ಸ್ಟೆಬಿಲೈಸರ್ ಹಾಕಿ. ಇನ್ವರ್ಟರ್ ಇದ್ದರೆ ಲೈನಿನ ಕರೆಂಟಿನಂತೆಯೇ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಆಗಿರಲಿ. ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಆ್ಯಕ್ಟಿವ್ ಸ್ಪೀಕರ್ ಗೊರಗೊರ ಎನ್ನುವ ಸಂಭವ ಹೆಚ್ಚು. ವಿದೇಶದಿಂದ ತರಿಸಿದ ಮಾಲಾದರೆ ಹಿಂದಿನ ವೋಲ್ಟೇಜ್ ಸ್ವಿಚ್ 115ರಲ್ಲಿದೆಯೋ 230ರಲ್ಲಿದೆಯೋ ನೋಡಿಯೇ ಪ್ಲಗ್ ಹಾಕಿ. ಪ್ಯಾಸಿವ್ ಈ ವಿಷಯದಲ್ಲಿ ನಿರಾಳ. ಗೋಡೆಗೆ ಹೋಗುವುದು ಆ್ಯಂಪ್ ಒಂದೇ, ಸಿಡಿಲಿಗೋ ಹೈ ವೋಲ್ಟೇಜಿಗೋ ಸಿಕ್ಕರೆ ಹೋಗುವುದೂ ಬಹುಪಾಲು ಅದೊಂದೇ.

ಕೋಣೆಗೆ ತಕ್ಕ ಅಳತೆ

ನಮ್ಮಲ್ಲಿ 10 ಅಡಿಗೆ 10 ಅಡಿಯ ಚೌಕ ಕೋಣೆ ಬಹಳ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಆ ಲೆಕ್ಕದಲ್ಲಿ 10 ಅಡಿ ಅಂತರದ ಎದುರುಬದುರು ಗೋಡೆಗಳ ನಡುವೆ 56 ಹರ್ಟ್ಜ್ ಆಸುಪಾಸಿನ ಬೇಸ್ ದನಿ ಪುಟಿದು ಪುಟಿದು ಉಬ್ಬುತ್ತದೆ. ಚೌಕ ಕೋಣೆಯಲ್ಲಿ ಉದ್ದಕ್ಕೂ ಅಗಲಕ್ಕೂ ಅದೇ ಸ್ವರ, ಹೀಗಾಗಿ ತೊಂದರೆ ದುಪ್ಪಟ್ಟು. ಅಲ್ಲಿ 8 ಇಂಚಿನ ವೂಫರ್ ಇಟ್ಟರೆ ಡೊಳ್ಳು ಹೆಚ್ಚಾಗಿದೆ ಎಂದು ನೀವು ಇಳಿಸುತ್ತಾ ಹೋಗುತ್ತೀರಿ, ಹಾಡು ಹೊರಗೆ ಹೋದಾಗ ಡೊಳ್ಳೇ ಇರುವುದಿಲ್ಲ. ಆ್ಯಕ್ಟಿವ್ ಆಗಲಿ ಪ್ಯಾಸಿವ್ ಆಗಲಿ, ಅಂಥ ಕೋಣೆಗೆ 5 ಇಂಚು ಸಾಕು. ಗೋಡೆಗೆ ಅಂಟಿಸುವ ತೆಳು ಫೋಮು ಬೇಸನ್ನು ಹೀರುವುದಿಲ್ಲ, ಮೂಲೆಗಳಲ್ಲಿ ರಾಕ್‌ವೂಲ್ ಎಂಬ ನಾರಿನ ದಪ್ಪ ಹಾಸು ಬೇಕು.

ಆ್ಯಕ್ಟಿವ್‌ಗೆ ಇಲ್ಲೊಂದು ಅನುಕೂಲವಿದೆ. ಹಲವು ಮಾದರಿಗಳ ಹಿಂದೆ ಗೋಡೆಗೆ ಹತ್ತಿರವಿಟ್ಟಾಗ ಉಬ್ಬುವ ಬೇಸನ್ನು ಇಳಿಸುವ ಸ್ವಿಚ್ ಇರುತ್ತದೆ. ಎಚ್‌ಎಸ್5ರ ರೂಮ್ ಕಂಟ್ರೋಲ್ 500 ಹರ್ಟ್ಜಿನ ಕೆಳಗೆ 2 ಅಥವಾ 4 ಡೆಸಿಬೆಲ್ ತಗ್ಗಿಸುತ್ತದೆ. ಪ್ಯಾಸಿವ್‌ನಲ್ಲಿ ಸಾಮಾನ್ಯವಾಗಿ ಅದಿಲ್ಲ, ಸ್ಪೀಕರಿನ ಜಾಗವನ್ನೇ ಸರಿಸಿ ನೋಡಬೇಕು. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನವಾಗಲಿ, ಟ್ವೀಟರ್ ಕಿವಿಯ ಎತ್ತರಕ್ಕಿರಲಿ.

ಕೆಟ್ಟರೆ ಯಾರು ನೋಡುತ್ತಾರೆ?

ಆ್ಯಕ್ಟಿವ್ ಸ್ಪೀಕರಿನ ಆ್ಯಂಪ್ ಬೋರ್ಡು ಅದೇ ಡಬ್ಬಿಯ ಬಿಸಿಯಲ್ಲಿ, ಕಂಪನದಲ್ಲಿ ಬಾಳಬೇಕು. ಒಳಗಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ಆಯುಷ್ಯ ಬಿಸಿ ಪ್ರತಿ 10 ಡಿಗ್ರಿ ಏರಿದಂತೆ ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸಿನ ರೂಢಿಯ ಲೆಕ್ಕ. ತಗಡಿನ ಮಾಳಿಗೆಯ ಕೋಣೆಯಲ್ಲಿ, ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ಅದು ಸಣ್ಣ ಮಾತಲ್ಲ. ಹಿಂಬದಿಗೆ ಒಂದು ಗೇಣಾದರೂ ಜಾಗ ಬಿಡಿ, ಕೆಲಸ ಮುಗಿದ ಮೇಲೆ ಎರೆ ಮಣ್ಣಿನ ಧೂಳು ಕೂರದಂತೆ ಬಟ್ಟೆ ಹೊದಿಸಿ. ಬೋರ್ಡು ಕೆಟ್ಟರೆ ಇಡೀ ಸ್ಪೀಕರನ್ನೇ ಕಳಿಸಬೇಕು. ಸರ್ವಿಸ್ ಬೆಳಗಾವಿ, ಹುಬ್ಬಳ್ಳಿಯಲ್ಲೇ ಆಗುತ್ತದೆಯೋ, ಬೆಂಗಳೂರಿಗೆ ಹೋಗಬೇಕೋ, ಬರಲು ಎಷ್ಟು ದಿನ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ. ಪ್ಯಾಸಿವ್‌ನಲ್ಲಿ ಆ್ಯಂಪ್ ಕೆಟ್ಟರೆ ಗೆಳೆಯರ ಆ್ಯಂಪ್ ತಂದು ಅದೇ ದಿನ ಕೆಲಸ ಮುಂದುವರಿಸಬಹುದು, ಊರಿನ ಮೆಕ್ಯಾನಿಕ್ ಅದನ್ನು ಬಿಚ್ಚಿಯಾನು.

ಹಾಗಾದರೆ ಯಾವುದು?

ಆ್ಯಂಪ್ ಇಲ್ಲದೆ ಹೊಸದಾಗಿ ಶುರು ಮಾಡುವವರಿಗೆ, ಅರ್ಥಿಂಗ್ ಸರಿ ಇದ್ದರೆ, 5 ಇಂಚಿನ ಆ್ಯಕ್ಟಿವ್ ತೆಗೆದುಕೊಳ್ಳಿ ಎನ್ನುತ್ತೇನೆ. ಹೊಸ ಆ್ಯಂಪ್ ಕೊಂಡು ಪ್ಯಾಸಿವ್‌ಗೆ ಹೋಗುವುದು ದುಬಾರಿ, ಪ್ಯಾಸಿವ್ ಸ್ಟುಡಿಯೊ ಮಾನಿಟರುಗಳ ಆಯ್ಕೆಯೂ ಈಗ ಕಡಿಮೆ. ಒಳ್ಳೆಯ ಸ್ಟೀರಿಯೊ ಆ್ಯಂಪ್ ಇದ್ದವರು, ಕರೆಂಟಿನ ಕಾಟ ತಪ್ಪದವರು ಪ್ಯಾಸಿವ್ ನೋಡಲಿ. ಲೆಕ್ಕ ಹಾಕುವಾಗ ಬರೆದ ಬೆಲೆ ಒಂದು ಸ್ಪೀಕರಿನದೋ ಜೋಡಿಯದೋ ಎಂದು ಕೇಳಿ, ಆ್ಯಕ್ಟಿವ್ ಮಾನಿಟರುಗಳನ್ನು ಬಿಡಿಬಿಡಿಯಾಗಿಯೂ ಮಾರುತ್ತಾರೆ. ಕೇಬಲ್, ಸ್ಟ್ಯಾಂಡ್, ಸ್ಟೆಬಿಲೈಸರ್ ಸೇರಿಸಿ ಕೂಡಿಸಿ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ನಿಮ್ಮದೇ ಹಾಡಿನ ವೇವ್ ಫೈಲ್ ಒಯ್ಯಿರಿ. ಹಾರ್ಮೋನಿಯಂ, ಹಲಗೆ, ದನಿ ಬೇರೆ ಬೇರೆಯಾಗಿಯೂ ಇರಲಿ. ಹೋಲಿಸುವಾಗ ಎರಡೂ ಜೋಡಿಯ ದನಿಯನ್ನು ಮೊಬೈಲಿನ ಮೀಟರಿನಲ್ಲಿ ಸಮ ಮಾಡಿಕೊಳ್ಳಿ, ತುಸು ಜೋರಾಗಿ ಬಾರಿಸಿದ್ದು ಯಾವಾಗಲೂ ಚೆನ್ನಾಗಿ ಕೇಳಿಸುತ್ತದೆ. ನಂತರ ಮಾತಾಡುವಷ್ಟು ಮೆಲ್ಲಗೆ ಇಟ್ಟು ಕೇಳಿ. ಆಗಲೂ ಹಾರ್ಮೋನಿಯಂ ಹಿಂದೆ ಪದದ ಅಕ್ಷರಗಳು ಬಿಡಿಯಾಗಿ ಕೇಳಬೇಕು. ಹಾಡು ನಿಲ್ಲಿಸಿ ಟ್ವೀಟರಿಗೆ ಒಂದು ಮೊಳದಲ್ಲಿ ಕಿವಿ ಇಡಿ. ಆ್ಯಕ್ಟಿವ್‌ನಲ್ಲಿ ಸಣ್ಣ ಸುಯ್ ಇದ್ದೇ ಇರುತ್ತದೆ, ಕೂರುವ ಜಾಗದವರೆಗೆ ಬಂದರೆ ಬೇರೆ ನೋಡಿ. ಯಾವುದು ಇಂಪಾಗಿದೆ ಎಂದು ಹುಡುಕಬೇಡಿ. ನಿಮ್ಮ ಹಾಡಿನ ತಪ್ಪನ್ನು ಬೇಗ ತೋರಿಸಿದ ಜೋಡಿಯೇ ನಿಮ್ಮದು.

ಮನೆಗೆ ತಂದ ಮೇಲೆ ಸ್ಪೀಕರ್ ಅಥವಾ ಆ್ಯಂಪನ್ನು ಎಲ್ಲದಕ್ಕಿಂತ ಕೊನೆಗೆ ಆನ್ ಮಾಡಿ, ಎಲ್ಲದಕ್ಕಿಂತ ಮೊದಲು ಆಫ್ ಮಾಡಿ. ಇಂಟರ್‌ಫೇಸ್ ಆನ್ ಆಗುವಾಗಿನ ಧಡ್ ಶಬ್ದ ಆಗ ಟ್ವೀಟರಿಗೆ ಹೋಗುವುದಿಲ್ಲ. ಬಿಲ್ಲಿನ ಜೊತೆಗೆ ರಟ್ಟಿನ ಡಬ್ಬಿ, ಥರ್ಮಾಕೋಲನ್ನೂ ವಾರಂಟಿ ಮುಗಿಯುವವರೆಗೆ ಎತ್ತಿಡಿ. ಸರ್ವಿಸಿಗೆ ಕಳಿಸುವ ಪ್ರಸಂಗ ಬಂದರೆ ಪಾರ್ಸೆಲ್ಲಿನಲ್ಲಿ ಕೋನು ಉಳಿಯುವುದು ಅದರಿಂದಲೇ.