ತರ್ಟಿ-ಫಾರ್ಟಿ ಸೈಟಿನ ಹುಲ್ಲು

ಶುರುವಾಗಿದ್ದು ಗಣೇಶನ ಹಬ್ಬದ ದಿನ. ಗರಿಕೆ ತರೋದು ಮರೆತಿದ್ದೆ. ಪಕ್ಕದ ಖಾಲಿ ತರ್ಟಿ-ಫಾರ್ಟಿ ಸೈಟಿನಲ್ಲಿ ಸೊಂಟದೆತ್ತರ ಹುಲ್ಲಿದೆ, ದುಡ್ಡು ಕೊಟ್ಟು ಯಾಕೆ ತರಬೇಕು ಅಂತ ಏಳು ವರ್ಷದ ಮಗಳನ್ನು ಕರೆದುಕೊಂಡು ಹೋಗಿ ಒಂದು ಹಿಡಿ ಕಿತ್ತು ತಂದೆ. ಅಮ್ಮ ಅರ್ಧ ಕಂತೆ ಪಕ್ಕಕ್ಕೆ ಹಾಕಿದರು. "ಇದು ಜೇಕು ಕಣೋ, ಗರಿಕೆ ಅಲ್ಲ."

ಹುಲ್ಲೆಲ್ಲ ಹುಲ್ಲೇ ಅಲ್ವಾ ಅಂದೆ. ಅಮ್ಮ ನನಗೆ ಉತ್ತರ ಕೊಡಲಿಲ್ಲ. ಮೊಮ್ಮಗಳ ಬೆರಳ ಮಧ್ಯೆ ಜೇಕಿನ ಹೂದಂಟು ಇಟ್ಟು ಉರುಳಿಸು ಅಂದರು. ಉರುಳಲಿಲ್ಲ, ತಡೆತಡೆದು ನಿಂತಿತು. ಮೂರು ಮೂಲೆ! ಉಗುರಿನಿಂದ ಕತ್ತರಿಸಿದರೆ ತ್ರಿಕೋನ, ಒಳಗೆಲ್ಲ ಗಟ್ಟಿ, ಎಲ್ಲೂ ಗೆಣ್ಣಿಲ್ಲ. ಗರಿಕೆಗೆ ಗೆಣ್ಣುಗೆಣ್ಣಿಗೂ ಬೇರು. ಗ್ರಂಥಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಅಂತ ಮಾರುವ ಪರಿಮಳದ ಗಡ್ಡೆ ಈ ಜೇಕಿನದೇ ಅಂತ ನನಗೂ ಅವತ್ತೇ ಗೊತ್ತಾಗಿದ್ದು.

ಆಮೇಲೆ ಭಾನುವಾರ ಬೆಳಿಗ್ಗೆ ಸೈಟಿಗೆ ಹೋಗೋದು ರೂಢಿಯಾಯಿತು. ಉದ್ದ ಸಾಕ್ಸ್, ಮುಂದೆ ಬಡಿಯಲು ಒಂದು ಕೋಲು, ಒಂದು ಭೂತಗನ್ನಡಿ. ಪಾರ್ಥೇನಿಯಂ ಇರೋ ಮೂಲೆಗೆ ಹೋಗೋ ಹಾಗಿಲ್ಲ, ನವೆ. ಮೊದಲು ನಾನು ಫೋನಿನ ಆ್ಯಪ್ ಹಿಡಿದು ಒಂದೊಂದಕ್ಕೂ ಹೆಸರು ಹೇಳುತ್ತಿದ್ದೆ. ಹೆಸರು ಸಿಕ್ಕ ಕೂಡಲೇ ಅವಳು ಅದನ್ನು ಬಿಟ್ಟು ಮುಂದೆ ಓಡುತ್ತಿದ್ದಳು. ಆ್ಯಪ್ ಮನೆಯಲ್ಲೇ ಬಿಟ್ಟೆ. ಅವಳೇ ಹೆಸರಿಡಲು ಶುರು ಮಾಡಿದಳು. ಬೆರಳು ಬಿಡಿಸಿದ ಹಾಗೆ ತೆನೆ ಇರೋದು "ರಾಗಿ ತಮ್ಮ". ಅದು ನಿಜಕ್ಕೂ ರಾಗಿಯ ನೆಂಟ, ಎಲ್ಯೂಸೈನ್ ಇಂಡಿಕಾ. ರಸ್ತೆ ಬದಿಯ ಗುಲಾಬಿ ಕುಚ್ಚಿನದು "ಬೊಂಬಾಯಿ ಮಿಠಾಯಿ". ಅದು ಆಫ್ರಿಕಾ ಮೂಲದ್ದು.

ಗರಿಕೆಯಲ್ಲಿ ಹೂವಿದೆ ಅಂದಾಗ ನಂಬಲಿಲ್ಲ. ದಳ ಇಲ್ಲ, ಜೇನಿಲ್ಲ, ಗಾಳಿಯದೇ ಕೆಲಸ. ಭೂತಗನ್ನಡಿ ಹಿಡಿದರೆ ಕೂದಲೆಳೆಯಲ್ಲಿ ನೇತಾಡುವ ನೇರಳೆ ಚೀಲಗಳು. ಉಸಿರು ಬಿಟ್ಟರೆ ಅಲ್ಲಾಡುತ್ತವೆ. ಹತ್ತು ನಿಮಿಷ ಸುಮ್ನೆ ಉಸಿರು ಬಿಡುತ್ತಾ ಕೂತಿದ್ದಳು.

ಜಾಸ್ತಿ ಮಜಾ ಕೊಟ್ಟಿದ್ದು ಮಾತ್ರ ತುರಹಳ್ಳಿ ಗುಡ್ಡದಿಂದ ಸಾಕ್ಸಿಗೆ ಅಂಟಿಕೊಂಡು ಬಂದ ಬೀಜ. ಅಮ್ಮ ಚುಚ್ಚು ಹುಲ್ಲು ಅನ್ನುತ್ತಾರೆ, ಸಸ್ಯಶಾಸ್ತ್ರದಲ್ಲಿ ಹೆಟೆರೋಪೋಗನ್ ಕಾಂಟಾರ್ಟಸ್. ತುದಿ ಸೂಜಿ, ಹಿಂದೆ ಹಗ್ಗದಂತೆ ಹುರಿಗೊಂಡ ಕಪ್ಪು ಬಾಲ. ಬೈದುಕೊಂಡು ಕೀಳುತ್ತಿದ್ದೆ. ಒಂದನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಬಾಲಕ್ಕೆ ಒಂದು ಹನಿ ನೀರು ಬಿಟ್ಟೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಗಡಿಯಾರದ ಮುಳ್ಳಿನ ಹಾಗೆ ತಾನೇ ತಿರುಗತೊಡಗಿತು. ಒದ್ದೆಯಾದರೆ ಹುರಿ ಬಿಚ್ಚುತ್ತದೆ, ಒಣಗಿದರೆ ಮತ್ತೆ ಹುರಿಗೊಳ್ಳುತ್ತದೆ. ಹೀಗೆ ತಿರುಗಿ ತಿರುಗಿ ಬೀಜ ಮಣ್ಣೊಳಗೆ ಇಳಿಯುತ್ತದೆ. ಹಿಮ್ಮುಖದ ಕೂದಲಿಂದಾಗಿ ವಾಪಸ್ ಬರೋ ಹಾಗಿಲ್ಲ. ಸಾಕ್ಸಿನಿಂದ ಯಾಕೆ ಬರಲ್ಲ ಅನ್ನೋದಕ್ಕೂ ಅದೇ ಉತ್ತರ. ಅವತ್ತು ತಿಂಡಿ ಹನ್ನೊಂದಕ್ಕೆ.

ಈಗ ಅಡುಗೆಮನೆಗೆ ಯಾವ ಸೊಪ್ಪು ಬಂದರೂ ಬೆರಳಲ್ಲಿ ಉರುಳಿಸಿ ನೋಡುತ್ತಾಳೆ. ಕೊತ್ತಂಬರಿ ದುಂಡಗೆ. ನಿನ್ನೆ ಕಟ್ಟೆಯ ತುಳಸಿ ದಂಟು ಮುಟ್ಟಿ ಒಳಗೆ ಓಡಿ ಬಂದಳು, "ಅಜ್ಜಿ, ಇದಕ್ಕೆ ನಾಲ್ಕು ಮೂಲೆ!" ಅಮ್ಮನಿಗೂ ಅದು ಗೊತ್ತಿರಲಿಲ್ಲ.