ಇಳಿಯದ ಮ್ಯಾಲಿಕ್: ವೈನ್ ಲ್ಯಾಬಿನಲ್ಲಿ ನನ್ನ ಅನುಭವ

ನಂದಿ ಬೆಟ್ಟದ ಆಸುಪಾಸಿನ ಒಂದು ವೈನರಿಯಲ್ಲಿ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ಇಲ್ಲಿ ವೈನ್ ದ್ರಾಕ್ಷಿ ಕೊಯ್ಲಿಗೆ ಬರುವುದು ಬಿಸಿಲು ಏರತೊಡಗುವ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ. ಆ ದಿನಗಳಲ್ಲಿ ಸಕ್ಕರೆ, ಮ್ಯಾಲಿಕ್ ಆಮ್ಲ (ದ್ರಾಕ್ಷಿಯ ಸಹಜ ಹುಳಿ), ಅಸಿಟಿಕ್ ಆಮ್ಲ (ವಿನೆಗರ್ ಹುಳಿ), ಅಮೋನಿಯಾ ಎಲ್ಲವನ್ನೂ ಸ್ಯಾಂಪಲನ್ನು ತಾನೇ ಪರೀಕ್ಷಿಸುವ ಆಟೋ ಅನಲೈಜರಿನಲ್ಲೇ ನೋಡುತ್ತೇವೆ. ಬೇರೆ ಬೇರೆ ಕಿಣ್ವಗಳಾದರೂ ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಒಂದೇ ಕಡೆ: 340 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ, ಆ ಬೆಳಕನ್ನು ಹೀರುವ ಎನ್‌ಎಡಿಎಚ್ ಅಥವಾ ಎನ್‌ಎಡಿಪಿಎಚ್ ಎಷ್ಟು ಹೆಚ್ಚಿತು, ಎಷ್ಟು ಕಡಿಮೆಯಾಯಿತು ಎಂಬ ಲೆಕ್ಕ. ಆ ತರಂಗಾಂತರದಲ್ಲಿ ಬೇರೆ ಏನೇ ಅಲುಗಾಡಿದರೂ ಯಂತ್ರ ಅದನ್ನು ಆಮ್ಲವೆಂದೋ ಸಕ್ಕರೆಯೆಂದೋ ಬರೆದುಕೊಳ್ಳುತ್ತದೆ.

ಕೆಂಪು ವೈನಿನಲ್ಲಿ ಬ್ಯಾಕ್ಟೀರಿಯಾಗಳು ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲವಾಗಿಸುವ ಹಂತಕ್ಕೆ ಮ್ಯಾಲೋಲ್ಯಾಕ್ಟಿಕ್ ಎನ್ನುತ್ತೇವೆ. ಶಿರಾಜ್ ಎಂಬ ಕೆಂಪು ವೈನಿನ ಒಂದು ಟ್ಯಾಂಕಿನಲ್ಲಿ ಮ್ಯಾಲಿಕ್ ಲೀಟರಿಗೆ 0.2 ಗ್ರಾಂ ಹತ್ತಿರ ಬಂದು ನಿಂತುಬಿಟ್ಟಿತು. 0.1ಕ್ಕಿಂತ ಕೆಳಗೆ ಬಂದ ಮೇಲೆ ಮಾತ್ರ ಕೆಎಂಎಸ್, ಅಂದರೆ ವೈನ್ ಕೆಡದಂತೆ ಕಾಯುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕುವುದು ನಮ್ಮ ಪದ್ಧತಿ. ಮ್ಯಾಲೋಲ್ಯಾಕ್ಟಿಕ್ ಮುಗಿಯದೆ ಬಾಟಲಿಗೆ ಹೋದರೆ ಒಳಗೇ ಗ್ಯಾಸ್ ಬರುತ್ತದೆ. ಮುಗಿದಿದ್ದರೂ ಮುಗಿದಿಲ್ಲವೆಂದು ಕಾಯುತ್ತ ಕೂತರೆ ಬೇಸಿಗೆಯ ಸೆಕೆಯಲ್ಲಿ ಸಲ್ಫರ್ ರಕ್ಷಣೆಯಿಲ್ಲದ ವೈನಿನಲ್ಲಿ ಅಸಿಟಿಕ್ ಏರುತ್ತದೆ, ವೈನ್ ಕೆಡಿಸುವ ಬ್ರೆಟ್ ಎಂಬ ಯೀಸ್ಟ್ ಸೇರಿಕೊಳ್ಳುತ್ತದೆ. ಸೆಲ್ಲಾರ್ ಸೂಪರ್‌ವೈಸರ್ ದಿನಾ ಬೆಳಗ್ಗೆ ಬಾಗಿಲಲ್ಲಿ ನಿಂತು, “ಮೇಡಂ, ಇವತ್ತಾದ್ರೂ ಇಳೀತಾ?” ಎಂದು ಕೇಳುತ್ತಿದ್ದರು. ಒಂದು ಟ್ಯಾಂಕ್ ವೈನ್ ಅಂದರೆ ಎಷ್ಟೋ ಜನರ ಒಂದು ವರ್ಷದ ದುಡಿಮೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ನನ್ನ ಹೊಣೆ.

ಕ್ಯಾಲಿಬ್ರೇಷನ್ ಸರಿಯಿತ್ತು. ಕಂಟ್ರೋಲ್ (ಅಂಕಿ ಮೊದಲೇ ಗೊತ್ತಿರುವ ಪರೀಕ್ಷಾ ದ್ರಾವಣ) ದಿನವೂ ಪಾಸ್. ಸರ್ವಿಸ್ ಎಂಜಿನಿಯರ್ ಫೋನಿನಲ್ಲಿ ಎಲ್ಲ ಕೇಳಿಕೊಂಡು, “ಮಷೀನಲ್ಲಿ ಏನೂ ಪ್ರಾಬ್ಲಂ ಇಲ್ಲ ಮೇಡಂ” ಅಂದರು. ಅವರು ಹೇಳಿದ್ದು ನಿಜ. ಆದರೆ ಕಂಟ್ರೋಲ್ ಎಂಬುದು ತಿಳಿ ದ್ರಾವಣ. ಅದು ಪಾಸಾದರೆ ಲ್ಯಾಂಪ್, ಪಿಪೆಟ್, ರೀಏಜೆಂಟ್ (ಪರೀಕ್ಷೆಯ ರಾಸಾಯನಿಕ) ಚೆನ್ನಾಗಿವೆ ಎಂದಷ್ಟೇ ಅರ್ಥ. ಗಾಢ ಬಣ್ಣದ, ಒಗರಿನ ಟ್ಯಾನಿನ್ ತುಂಬಿದ ಶಿರಾಜ್ ಆ ಕ್ಯುವೆಟ್ಟಿನಲ್ಲಿ (ಅಳತೆಯ ಪುಟ್ಟ ಪಾತ್ರೆ) ಹೇಗೆ ವರ್ತಿಸುತ್ತದೆ ಎಂಬುದಕ್ಕೆ ಕಂಟ್ರೋಲ್ ಸಾಕ್ಷಿಯಲ್ಲ.

ಹಾಗಾಗಿ ಅಂಕಿ ಬಿಟ್ಟು, ಹೊತ್ತಿನೊಂದಿಗೆ ಓದು ಬದಲಾಗುವುದನ್ನು ತೋರಿಸುವ ಕರ್ವ್ ತೆರೆದೆ. ಕಿಣ್ವ ಬಿದ್ದ ಮೇಲೆ ಅಬ್ಸಾರ್ಬೆನ್ಸ್ (ಬೆಳಕಿನ ಹೀರಿಕೆ) ಏರಿ, ಕೆಲವು ನಿಮಿಷದಲ್ಲಿ ಸಮತಟ್ಟಾಗಿ ನಿಲ್ಲಬೇಕು. ಬಿಳಿ ವೈನಿನಲ್ಲಿ ಹಾಗೇ ಇತ್ತು. ಶಿರಾಜ್‌ನದು ಮೊದಲು ಚೂರು ಏರಿ, ಆಮೇಲೆ ನಿಲ್ಲದೆ ಓರೆಯಾಗಿ ಹತ್ತುತ್ತಲೇ ಇತ್ತು. ಯಂತ್ರ ತನಗೆ ಗೊತ್ತುಮಾಡಿದ ಹೊತ್ತಿಗೆ ಓದಿ, ಆ ಓರೆಯನ್ನೂ ಸೇರಿಸಿ ಮ್ಯಾಲಿಕ್ ಎಂದು ಅಚ್ಚು ಹಾಕುತ್ತಿತ್ತು.

ಈ ಓರೆಗೆ ಎರಡು ಕಾರಣ ಇರಬಹುದು. ಟ್ಯಾನಿನ್ ಕಿಣ್ವವನ್ನು ಹಿಡಿದು ನಿಧಾನ ಮಾಡಿರಬಹುದು. ಆಗ ನಿಜವಾದ ಮ್ಯಾಲಿಕ್ ಓದಿದ್ದಕ್ಕಿಂತ ಹೆಚ್ಚೇ ಇರುತ್ತದೆ. ಇಲ್ಲವೇ ಕಿಣ್ವಕ್ಕೆ ಸಂಬಂಧವೇ ಇಲ್ಲದೆ ವೈನಿನ ಬಣ್ಣವೇ ಬದಲಾಗುತ್ತಿರಬಹುದು. ಆಗ ನಿಜವಾದದ್ದು ಕಡಿಮೆ. ಮೊದಲನೆಯದು ಗುಣಾಕಾರದ ತಪ್ಪು, ಎರಡನೆಯದು ಕೂಡಿಕೆಯ ತಪ್ಪು. ಒಂದನ್ನು ಹಿಡಿಯುವ ಪರೀಕ್ಷೆ ಇನ್ನೊಂದನ್ನು ಹಿಡಿಯುವುದಿಲ್ಲ.

ಮೊದಲು ರಿಕವರಿ ನೋಡಿದೆ. ಅದೇ ವೈನಿಗೆ ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಎಲ್-ಮ್ಯಾಲಿಕ್ (ದ್ರಾಕ್ಷಿಯಲ್ಲಿರುವ ರೂಪ) ಸೇರಿಸಿ ಓಡಿಸಿದಾಗ ಸೇರಿಸಿದ್ದು ಪೂರ್ತಿ ವಾಪಸ್ ಬಂತು. ಅಂದರೆ ಕಿಣ್ವ ಗಟ್ಟಿಯಾಗಿದೆ. (ಇದನ್ನು ಮಾಡುವವರು ಬಾಟಲಿಯ ಲೇಬಲ್ ಓದಿಯೇ ತೂಗಬೇಕು. ಸುಲಭಕ್ಕೆ ಸಿಗುವುದು ಎರಡು ರೂಪಗಳು ಅರ್ಧರ್ಧ ಬೆರೆತ ಡಿಎಲ್-ಮ್ಯಾಲಿಕ್. ಕಿಣ್ವಕ್ಕೆ ಅದರಲ್ಲಿ ಕಾಣುವುದು ಅರ್ಧ ಮಾತ್ರ. 50 ಶೇಕಡಾ ರಿಕವರಿ ನೋಡಿ ಒಳ್ಳೆಯ ರೀಏಜೆಂಟನ್ನು ಎಸೆಯುವ ಪರಿಸ್ಥಿತಿ ಬರುತ್ತದೆ.) ಸ್ಯಾಂಪಲನ್ನು ನೀರು ಬೆರೆಸಿ ತೆಳು ಮಾಡಿ ನೋಡುವುದು ಎಲ್ಲರಿಗೂ ತೋಚುವ ದಾರಿ. ಆದರೆ ಇಲ್ಲಿ ಅದರಿಂದ ಏನೂ ಗೊತ್ತಾಗುವುದಿಲ್ಲ. ಎರಡು ಪಟ್ಟು ತೆಳು ಮಾಡಿದರೆ ಮ್ಯಾಲಿಕ್ಕೂ ಅರ್ಧ, ಬಣ್ಣವೂ ಅರ್ಧ. ಲೆಕ್ಕ ಹಾಕಿದರೆ ಮತ್ತೆ ಅದೇ 0.2.

ಕೊನೆಗೆ ದಾರಿ ತೋರಿಸಿದ್ದು ಕಿಣ್ವವಿಲ್ಲದ ಓಟ. ಬಫರ್ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ), ಎನ್‌ಎಡಿಎಚ್ ಆಗಿ ಬದಲಾಗುವ ಎನ್‌ಎಡಿ ಎಲ್ಲ ಹಾಗೇ ಇಟ್ಟು, ಕಿಣ್ವದ ಜಾಗದಲ್ಲಿ ಶುದ್ಧ ನೀರು ಹಾಕಿ ಅದೇ ವೈನನ್ನು ಓಡಿಸಿದೆ. ಕಿಣ್ವವೇ ಇಲ್ಲದಿದ್ದರೂ ಅದೇ ಓರೆ! ಸುಮಾರು 0.1 ಗ್ರಾಂನಷ್ಟು ‘ಮ್ಯಾಲಿಕ್’ ಬರೀ ಬಣ್ಣದಿಂದಲೇ ಹುಟ್ಟುತ್ತಿತ್ತು.

ಕಾರಣ ಬಫರಿನಲ್ಲಿದೆ. ಈ ಪರೀಕ್ಷೆಯ ಕಿಣ್ವವಾದ ಮ್ಯಾಲೇಟ್ ಡಿಹೈಡ್ರೋಜಿನೇಸ್‌ನ ಕ್ರಿಯೆ ಸಹಜವಾಗಿ ಮ್ಯಾಲೇಟ್ (ಮ್ಯಾಲಿಕ್‌ನ ಲವಣ ರೂಪ) ಕಡೆಗೇ ವಾಲಿಕೊಂಡಿರುತ್ತದೆ. ಅದನ್ನು ನಮಗೆ ಬೇಕಾದ ಕಡೆಗೆ ಎಳೆಯಲು ಪಿಎಚ್ 10ರ ಬಫರ್ ಇರುತ್ತದೆ, ಜೊತೆಗೆ ಹುಟ್ಟಿದ ಆಕ್ಸಲೋಅಸಿಟೇಟನ್ನು ಕೂಡಲೇ ತೆಗೆದುಹಾಕಲು ಇನ್ನೊಂದು ಕಿಣ್ವ. ದಾಸವಾಳದ ರಸಕ್ಕೆ ಸೋಪಿನ ನೀರು ಬಿದ್ದರೆ ಬಣ್ಣ ತಿರುಗುವ ಹಾಗೆ, ಕೆಂಪು ವೈನಿಗೆ ಬಣ್ಣ ಕೊಡುವ ಆಂಥೋಸಯನಿನ್ ಕ್ಷಾರದಲ್ಲಿ ತಿರುಗುತ್ತದೆ. ಅದರ ಜೊತೆಗೆ ಟ್ಯಾನಿನ್‌ಗಳು ಗಾಳಿಯ ಆಮ್ಲಜನಕ ಹಿಡಿದು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗುತ್ತ ಹೋಗುತ್ತವೆ. ಕಿಣ್ವ ಹಾಕುವ ಮುನ್ನ ಯಂತ್ರ ತೆಗೆದುಕೊಳ್ಳುವ ಬ್ಲ್ಯಾಂಕ್ ಎಂಬ ಆರಂಭದ ಓದು, ಬದಲಾಗದೆ ನಿಂತ ಬಣ್ಣವನ್ನು ಕಳೆಯುತ್ತದೆ. ಆಮೇಲೂ ಏರುತ್ತಿರುವ ಬಣ್ಣವನ್ನು ಕಳೆಯಲು ಅದಕ್ಕೆ ಆಗುವುದಿಲ್ಲ.

ಪರಿಹಾರ ಪಿವಿಪಿಪಿ, ಅಂದರೆ ಟ್ಯಾನಿನ್, ಬಣ್ಣಗಳನ್ನು ಹಿಡಿದುಕೊಳ್ಳುವ, ನೀರಿನಲ್ಲಿ ಕರಗದ ಪುಡಿ. 10 ಮಿಲಿ ವೈನಿಗೆ 0.2 ಗ್ರಾಂ ಹಾಕಿ, ಐದು ನಿಮಿಷ ಅಲುಗಾಡಿಸಿ, ಸೋಸಿ ಓಡಿಸಿದಾಗ ಕರ್ವ್ ಸಮತಟ್ಟಾಯಿತು. ಅಂಕಿ 0.1ರ ಕೆಳಗೆ ಬಂತು. ಪಿವಿಪಿಪಿ ಮ್ಯಾಲಿಕ್ಕನ್ನೇ ಹೀರಿಕೊಂಡಿಲ್ಲ ಎಂದು ಖಚಿತವಾಗಲು ಆ ಸ್ಯಾಂಪಲಿಗೂ ರಿಕವರಿ ಮಾಡಿದೆ. ಅಂದೇ ಸಂಜೆ ಟ್ಯಾಂಕಿಗೆ ಕೆಎಂಎಸ್ ಬಿತ್ತು. ಈಗ ಗಾಢ ಕೆಂಪು ವೈನಿಗೆಲ್ಲ ಇದೇ ಕ್ರಮ. ತಿಳಿ ಕಂಟ್ರೋಲ್ ಜೊತೆಗೆ, ಮ್ಯಾಲಿಕ್ ಮುಗಿದಿದೆ ಎಂದು ಖಾತ್ರಿಯಾದ ನಮ್ಮದೇ ಕೆಂಪು ವೈನನ್ನು ಸಣ್ಣ ಬಾಟಲಿಗಳಲ್ಲಿ ಇಟ್ಟುಕೊಂಡು ಪ್ರತಿ ಬ್ಯಾಚಿನಲ್ಲೂ ಓಡಿಸುತ್ತೇನೆ.

ಉಳಿದ ತೊಂದರೆಗಳು ಇಷ್ಟು ಜಟಿಲವಲ್ಲ. ಹುದುಗೇಳುತ್ತಿರುವ ರಸದಲ್ಲಿ ಸಕ್ಕರೆ ಏರುಪೇರಾದರೆ ಮೊದಲು ಗುಳ್ಳೆ ನೋಡಿ. ಸೂಜಿ ರಸದ ಬದಲು ಗ್ಯಾಸ್ ಎಳೆದಿರುತ್ತದೆ, ಚೆನ್ನಾಗಿ ಅಲುಗಾಡಿಸಿ ಗ್ಯಾಸ್ ಬಿಟ್ಟು ಸೆಂಟ್ರಿಫ್ಯೂಜ್ ಮಾಡಿದರೆ ಸಾಕು. ಲೀಟರಿಗೆ 200 ಗ್ರಾಂ ಸಕ್ಕರೆಯ ರಸದ ಹಿಂದೆಯೇ ಒಣ (ಸಕ್ಕರೆ ಹೆಚ್ಚುಕಡಿಮೆ ಉಳಿಯದ) ವೈನ್ ಇಡಬೇಡಿ, ಸೂಜಿಯಲ್ಲಿ ಉಳಿದ ಕಣವೇ ಓದನ್ನು ಕೆಡಿಸುತ್ತದೆ. ನಾನು ಒಣದಿಂದ ಸಿಹಿಗೆ ಸಾಲಾಗಿಟ್ಟು ನಡುವೆ ನೀರು ಇಡುತ್ತೇನೆ. ಅಮೋನಿಯಾ ಎಲ್ಲ ಸ್ಯಾಂಪಲಿನಲ್ಲೂ ಒಟ್ಟಿಗೆ ಏರಿದರೆ ನೆಲ ಒರೆಸಿದ ಕ್ಲೀನರ್ ಯಾವುದೆಂದು ವಿಚಾರಿಸಿ. ಆ ಪರೀಕ್ಷೆಯಲ್ಲಿ ಎನ್‌ಎಡಿಪಿಎಚ್ ಖರ್ಚಾಗುವುದರಿಂದ ರೀಏಜೆಂಟ್ ಬ್ಲ್ಯಾಂಕ್ (ಸ್ಯಾಂಪಲ್ ಇಲ್ಲದ ಓದು) ಶುರುವಿನಲ್ಲೇ ಎತ್ತರದಲ್ಲಿರಬೇಕು. ದಿನದಿಂದ ದಿನಕ್ಕೆ ತಗ್ಗುತ್ತಿದ್ದರೆ ರೀಏಜೆಂಟ್ ಸೆಕೆಗೆ ಸಿಕ್ಕಿದೆ. ನಮ್ಮಲ್ಲಿ ಕರೆಂಟ್ ಹೋದಾಗ ಯುಪಿಎಸ್ ಯಂತ್ರವನ್ನು ನಡೆಸುತ್ತಿತ್ತು, ರೀಏಜೆಂಟ್ ತಟ್ಟೆಯ ಕೂಲಿಂಗ್ ಮಾತ್ರ ಬೇರೆ ಲೈನಿನಲ್ಲಿತ್ತು. ಎಲೆಕ್ಟ್ರಿಷಿಯನ್ ಬಂದು ಎರಡನ್ನೂ ಯುಪಿಎಸ್‌ಗೇ ಕೊಟ್ಟ ಮೇಲೆ ಬ್ಲ್ಯಾಂಕ್ ತಗ್ಗುವುದು ನಿಂತಿತು.

ಅಸಿಟಿಕ್ ಆಮ್ಲದಲ್ಲಿ ಗಾಢ ಕೆಂಪು ವೈನಿನ ಓರೆ ಇನ್ನೂ ಚೂರು ಉಳಿದಿದೆ. ಅಲ್ಲಿ ಮೂರು ಕಿಣ್ವಗಳು ಸಾಲಾಗಿ ಕೆಲಸ ಮಾಡುತ್ತವೆ, ಕರ್ವ್ ಮೊದಲಿಂದಲೇ ನಿಧಾನ. ಎರಡು ತಪ್ಪುಗಳೂ ಒಂದರ ಮೇಲೊಂದು ಕೂತಿರುವ ಸಾಧ್ಯತೆ ಇದೆ. ಅದಕ್ಕೂ ಕಿಣ್ವವಿಲ್ಲದ ಓಟ ಮತ್ತು ರಿಕವರಿ ಎರಡನ್ನೂ ಜೊತೆಯಾಗಿ ನಡೆಸುತ್ತಿದ್ದೇನೆ. ಉತ್ತರ ಸಿಗುವವರೆಗೆ ಅನುಮಾನದ ಸ್ಯಾಂಪಲನ್ನು ಆವಿಯಿಂದ ಬಟ್ಟಿ ಇಳಿಸುವ ಹಳೆಯ ಸ್ಟೀಮ್ ಡಿಸ್ಟಿಲೇಷನ್ ವಿಧಾನದಲ್ಲೂ ನೋಡಿದ ಮೇಲೆಯೇ ಸೆಲ್ಲಾರಿಗೆ ಅಂಕಿ ಕೊಡುವುದು.