ಏಳು ಮಾತ್ರೆಯ ಹಾಡು: ನಮ್ಮ ಮೊದಲ ಆಲ್ಬಂ ಮಾಡಿದ ಅನುಭವ

ಎಂಟು ತಿಂಗಳು ನಾವು ಒಂದೇ ಹಾಡಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆವು. ಉಳಿದ ನಾಲ್ಕು ಹಾಡು ಸಿದ್ಧವಾಗಿದ್ದವು. ಈ ಒಂದು ಮಾತ್ರ ಪ್ರತಿ ಭಾನುವಾರ ಅದೇ ಜಾಗದಲ್ಲಿ ಮುಗ್ಗರಿಸುತ್ತಿತ್ತು.

ನಾನು ಧಾರವಾಡದವನು, ಡ್ರಮ್ಸ್ ಬಾರಿಸುತ್ತೇನೆ. ಗಿಟಾರ್ ಮತ್ತು ಬೇಸ್ ನುಡಿಸುವವರು ಹುಬ್ಬಳ್ಳಿಯವರು. ಕೀಬೋರ್ಡ್ ನುಡಿಸುವವಳು ನಮ್ಮ ಓಣಿಯವಳೇ. ಹಾಡುವವನು ಗದಗಿನವನು. ಐವರಿಗೂ ಪ್ರೋಗ್ರೆಸ್ಸಿವ್ ರಾಕ್ ಹುಚ್ಚು. ಹಾಡು ಹತ್ತು ಹದಿನೈದು ನಿಮಿಷ ನಡೆಯಬೇಕು, ದಾರಿಯಲ್ಲಿ ನಾಲ್ಕಾರು ಸಲ ಬಣ್ಣ ಬದಲಿಸಬೇಕು, ಸುತ್ತಿಗೆ ನಾಲ್ಕು ಎಣಿಕೆ ಎಂಬ ಲೆಕ್ಕ ಬಿಟ್ಟು ಐದು, ಏಳು, ಒಂಬತ್ತರಲ್ಲಿ ಓಡಬೇಕು. ನಮ್ಮ ತೊಂದರೆ ಇದ್ದದ್ದು ಏಳರಲ್ಲಿ.

ಗಿಟಾರಿನ ತುಣುಕು ಎರಡು, ಎರಡು, ಮೂರು ಎಂದು ಒಡೆದಿತ್ತು. ರಾಕ್‌ನಲ್ಲಿ ಏಳನ್ನು ಹೀಗೆ ಒಡೆಯುವುದೇ ಜಾಸ್ತಿ. ನಾನು ಮೊದಲ ಎಣಿಕೆಗೆ ಕಿಕ್ ಡ್ರಮ್, ಅಂದರೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್, ಗುದ್ದುತ್ತಿದ್ದೆ. ಪ್ರತಿ ಸುತ್ತಿಗೂ ಹಾಡು ಎಡವಿ ಬಿದ್ದ ಹಾಗೆ ಕೇಳುತ್ತಿತ್ತು. ಕನ್ನಡದ ಮಾತುಗಳಂತೂ ಅದರ ಮೇಲೆ ಕೂರುತ್ತಲೇ ಇರಲಿಲ್ಲ. ಕೊನೆಗೆ ಇಂಗ್ಲಿಷ್‌ನಲ್ಲಿ ಬರೆಯೋಣ ಎಂಬ ಮಾತೂ ಬಂತು.

ಆಗ ನಾನು ಚಿಕ್ಕಂದಿನಲ್ಲಿ ಎರಡು ವರ್ಷ ತಬಲಾ ಕಲಿತ ಮಾಸ್ತರರ ಮನೆಗೆ ಹೋದೆ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಇದ್ದ ಊರು ಇದು. ಇಪ್ಪತ್ತು ಕಿಲೋಮೀಟರ್ ಆಚೆ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲ. ಇಂಥ ಕಡೆ ಹುಟ್ಟಿ, ಏಳು ಎಣಿಸಲು ಯೂಟ್ಯೂಬ್ ನೋಡುತ್ತಿದ್ದೆವು. ಫೋನಿನಲ್ಲಿದ್ದ ರೆಕಾರ್ಡಿಂಗ್ ಕೇಳಿಸಿದೆ. ಮಾಸ್ತರು ಕಣ್ಣು ಮುಚ್ಚಿ ಕೇಳಿದರು.

"ತಮ್ಮಾ, ನೀ ಲೆಕ್ಕಾ ಮಾಡಾಕತ್ತೀ. ತಾಳಾ ಹಿಡಿಯಾಕತ್ತಿಲ್ಲ," ಎಂದರು.

ಆಮೇಲೆ ರೂಪಕ ತಾಳದ ಠೇಕಾ, ಅಂದರೆ ಆ ತಾಳದ ಮೂಲ ಬೋಲುಗಳ ಸುತ್ತು, ಬಾರಿಸಿದರು. ತೀಂ ತೀಂ ನಾ, ಧೀಂ ನಾ, ಧೀಂ ನಾ. ಮೂರು, ಎರಡು, ಎರಡು. ಇದನ್ನು ನಾನೂ ಕಲಿತಿದ್ದೆ, ಆದರೆ ಅದರ ವಿಶೇಷ ಅಂದು ಮನಸ್ಸಿಗೆ ಬಂತು. ಬೇರೆ ತಾಳಗಳಲ್ಲಿ ಸಮ, ಅಂದರೆ ಸುತ್ತಿನ ಮೊದಲ ಮಾತ್ರೆ, ಭಾರದ ಜಾಗ. ರೂಪಕದಲ್ಲಿ ಸಮವೇ ಖಾಲಿ. ಮೊದಲ ಮಾತ್ರೆಗೆ ಡಗ್ಗಾದ, ಅಂದರೆ ತಬಲಾ ಜೋಡಿಯ ದೊಡ್ಡ ವಾದ್ಯದ, ಗುಂಯ್ ಅನ್ನುವ ನಾದ ಇಲ್ಲ. ಅದು ಬರುವುದು ನಾಲ್ಕನೆಯ ಮತ್ತು ಆರನೆಯ ಮಾತ್ರೆಗೆ. ಸುತ್ತು ಶುರುವಾಗುವ ಜಾಗ ಹಗುರ, ಭಾರ ಆಮೇಲೆ. ಅದಕ್ಕೇ ಅದು ಬೀಳುವುದಿಲ್ಲ, ತೇಲುತ್ತದೆ.

ಮುಂದಿನ ಭಾನುವಾರ ಮೊದಲ ಎಣಿಕೆಯ ಕಿಕ್ ತೆಗೆದುಹಾಕಿದೆ. ಅಲ್ಲಿ ರೈಡ್ ಸಿಂಬಲ್ ಮಾತ್ರ ಮುಟ್ಟಿದೆ. ಕಿಕ್ ನಾಲ್ಕಕ್ಕೆ, ಆರಕ್ಕೆ. ಗಿಟಾರ್ ಗೆಳೆಯ ತನ್ನ ತುಣುಕನ್ನು ತಿರುಗಿಸಿ ಮೂರರಿಂದ ಶುರು ಮಾಡಿದ. ಎರಡು ನಿಮಿಷ ನುಡಿಸಿ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದೆವು. ಎಂಟು ತಿಂಗಳಿನ ಗಂಟು ಬಿಚ್ಚಿತ್ತು.

ಮಾತುಗಳ ಗಂಟು ಬಿಚ್ಚಿದ್ದು ಗದಗಿನಲ್ಲಿ. ಹಾಡುಗಾರನ ಅಜ್ಜಿ ದಿನಾ ಸಂಜೆ ಕುಮಾರವ್ಯಾಸನನ್ನು ವಾಚನ ಮಾಡುತ್ತಾರೆ. ವೀರನಾರಾಯಣ ಗುಡಿ ಇರುವ ಊರಲ್ಲಿ ಅದು ಸಹಜ, ಅಲ್ವಾ. ಅವನು ಆ ಧಾಟಿ ಕೇಳುತ್ತಲೇ ಬೆಳೆದವನು. ಒಂದು ಸಂಜೆ ಅಜ್ಜಿ ಓದುವಾಗ ಸುಮ್ನೆ ತೊಡೆಯ ಮೇಲೆ ನಮ್ಮ ಹಾಡಿನ ತಾಳ ಹಾಕುತ್ತಾ ಕೂತಿದ್ದನಂತೆ. ಎರಡೂ ಒಂದಕ್ಕೊಂದು ಹೊಂದಿಕೊಂಡು ಹೋದವು. ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿದ.

ಕುಮಾರವ್ಯಾಸ ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. ಅದರ ಗಣಗಳು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯವು. ಅಂದರೆ ಏಳು, ಮತ್ತೆ ಏಳು. ರೂಪಕದ ಮೂರು, ಎರಡು, ಎರಡು ಎಂಬುದನ್ನು ಕೂಡಿಸಿದರೂ ಮೂರು, ನಾಲ್ಕೇ. ನಾವು ವಿದೇಶಿ ಎಂದುಕೊಂಡಿದ್ದ ಲಯ ಐನೂರು ವರ್ಷಕ್ಕೂ ಹಿಂದಿನಿಂದ ಕನ್ನಡದ ನಾಲಿಗೆಯಲ್ಲಿ ಇತ್ತು. ಹಳೆಯ ಗಿಟಾರ್ ತುಣುಕಿನ ಎರಡು, ಎರಡು, ಮೂರು ಅದಕ್ಕೆ ಉಲ್ಟಾ ಇತ್ತು, ಅದಕ್ಕೇ ಮಾತು ಕೂರಲಿಲ್ಲ. ಷಟ್ಪದಿಯ ಆದಿಪ್ರಾಸವನ್ನು ನಾವು ಪಾಲಿಸಲಿಲ್ಲ. ಅದರ ನಡೆ ಮಾತ್ರ ತೆಗೆದುಕೊಂಡೆವು. ಮೊದಲ ಸಾಲು ಒಂದೇ ಏಟಿಗೆ ಬಂತು: "ಕೆರೆಯ ದಂಡೆಗೆ ಮಳೆಯು ಬಂದಿತು." ಉಣಕಲ್ ಕೆರೆಯ ಹತ್ತಿರ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿಗಾಗಿ ಗಿಟಾರ್ ಹೊತ್ತು ಎಷ್ಟು ಸಲ ನೆನೆದಿದ್ದೇವೋ ಲೆಕ್ಕವಿಲ್ಲ.

ಹಾಡಿನ ನಡುವೆ ಕೀಬೋರ್ಡ್‌ನ ಉದ್ದನೆಯ ಸೋಲೋ ಇದೆ. ಅಲ್ಲಿಂದ ಹೊರಬರಲು ಮಾಸ್ತರು ಒಂದು ತಿಹಾಯಿ ಕೊಟ್ಟರು. ಐದು ಏಟಿನ ತುಣುಕು, ನಡುವೆ ಬಿಡುವಿಲ್ಲದೆ ಮೂರು ಸಲ. ಒಟ್ಟು ಹದಿನೈದು. ಏಳರ ಎರಡು ಸುತ್ತು ಹದಿನಾಲ್ಕಕ್ಕೆ ಮುಗಿಯುತ್ತದೆ, ಹದಿನೈದನೆಯ ಏಟು ಸರಿಯಾಗಿ ಸಮಕ್ಕೆ ಬೀಳುತ್ತದೆ. ಐವರೂ ಒಟ್ಟಿಗೆ ನುಡಿಸಿ ಅಲ್ಲಿ ಬಂದು ಇಳಿದಾಗ ಮೈ ಜುಮ್ಮೆನ್ನುತ್ತದೆ. ಇಡೀ ಆಲ್ಬಂನಲ್ಲಿ ನನಗೆ ಅತಿ ಪ್ರೀತಿಯ ಎರಡು ಸೆಕೆಂಡ್ ಅದೇ.

ಇನ್ನು ರೆಕಾರ್ಡಿಂಗ್. ದೊಡ್ಡ ಸ್ಟುಡಿಯೋಗೆ ಹೋಗುವ ಶಕ್ತಿ ಇರಲಿಲ್ಲ. ಗಿಟಾರ್ ಗೆಳೆಯನ ಸೋದರಮಾವ ಅಮರಗೋಳದಲ್ಲಿ ಖಾಲಿ ಬಿದ್ದಿದ್ದ ಗೋದಾಮಿನ ಕೀಲಿಕೈ ಕೊಟ್ಟರು. ಮೇಲೆ ತಗಡು. ಮಳೆಗಾಲದಲ್ಲಿ ಅಲ್ಲಿ ಮಾತೂ ಕೇಳಿಸುವುದಿಲ್ಲ, ಹಾಗಾಗಿ ಚಳಿಗಾಲಕ್ಕೆ ಕಾದೆವು. ಖಾಲಿ ಗೋದಾಮಿನಲ್ಲಿ ಒಂದು ಚಪ್ಪಾಳೆ ಹೊಡೆದರೆ ಮೂರು ಸೆಕೆಂಡ್ ಸುತ್ತಾಡುತ್ತಿತ್ತು. ಐವರ ಮನೆಯಿಂದಲೂ ಕೌದಿ ತಂದೆವು, ಒಟ್ಟು ಹದಿನೆಂಟು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಸದ್ದನ್ನು ಚೆನ್ನಾಗಿ ನುಂಗುತ್ತದೆ. ಗೋಡೆಗೆ ಅಂಟಿಸದೆ ಹಗ್ಗಕ್ಕೆ ಹಾಕಿ, ಗೋಡೆಯಿಂದ ಒಂದು ಗೇಣು ದೂರ ತೂಗುಬಿಟ್ಟರೆ ಇನ್ನೂ ಒಳ್ಳೆಯದು. ಆದರೆ ತೀರಾ ದಪ್ಪ, ತಗ್ಗಿನ ಸದ್ದನ್ನು ಅದು ತಡೆಯುವುದಿಲ್ಲ. ಅದಕ್ಕೆ ಮೂಲೆಗಳಲ್ಲಿ ಹತ್ತಿ ಗಾದಿ ನಿಲ್ಲಿಸಿದೆವು.

ಡ್ರಮ್ಸ್‌ಗೆ ಎಂಟು ಮೈಕ್. ಮೇಲಿನ ಎರಡು ಮೈಕ್ ಸ್ನೇರ್‌ನಿಂದ ಸಮ ದೂರದಲ್ಲಿ ಇರಲೇಬೇಕು. ಇಲ್ಲದಿದ್ದರೆ ಒಂದೇ ಏಟು ಎರಡು ಮೈಕಿಗೆ ಬೇರೆ ಬೇರೆ ಹೊತ್ತಿಗೆ ತಲುಪಿ, ಎರಡನ್ನೂ ಸೇರಿಸಿದಾಗ ಸದ್ದು ಬಡಕಲಾಗುತ್ತದೆ. ಸ್ನೇರ್‌ಗೆ ಒಂದು ದಾರ ಹಿಡಿದು ಅಳೆದರೆ ಸಾಕು. ಒಂದು ಮೈಕನ್ನು ಆರು ಮೀಟರ್ ದೂರ, ಕೌದಿ ಇಲ್ಲದ ಕಡೆ ಇಟ್ಟೆವು. ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು, ಅಲ್ಲಿಗೆ ಅದು ಹೆಚ್ಚು ಕಡಿಮೆ 18 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಆ ತಡವೇ ಹಾಡಿಗೆ ಗೋದಾಮಿನ ಅಗಲ ಕೊಟ್ಟಿತು.

ಮೊದಲ ದಿನ ಪೂರ್ತಿ ಹಾಳಾಯಿತು. ಗಿಟಾರ್ ಹಚ್ಚಿದರೆ ಗುಂಯ್ ಎಂದು ಒಂದೇ ಸಮ ಸದ್ದು. ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಅದು. ಕೇಬಲ್ ಬದಲಿಸಿದೆವು, ಆಂಪ್ ಬದಲಿಸಿದೆವು, ಹೋಗಲಿಲ್ಲ. ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಅರ್ತಿಂಗ್ ಗುಂಡಿ ಒಣಗಿ ಕಲ್ಲಾಗಿತ್ತು. ನಮ್ಮ ಎರೆಮಣ್ಣು ಒಣಗಿದರೆ ಬಿರುಕು ಬಿಡುತ್ತದೆ, ಕಂಬಿಗೂ ಮಣ್ಣಿಗೂ ಸಂಬಂಧ ತಪ್ಪುತ್ತದೆ. ಅವರು ಉಪ್ಪು, ಇದ್ದಿಲು ಹಾಕಿ ನಾಲ್ಕು ಕೊಡ ನೀರು ಹೊಯ್ದರು. ಸದ್ದು ಬಹುಪಾಲು ನಿಂತಿತು. ಮನೆಯಲ್ಲಿ ರೆಕಾರ್ಡ್ ಮಾಡುವವರು ಹೊಸ ಉಪಕರಣ ಕೊಳ್ಳುವ ಮುಂಚೆ ಅರ್ತಿಂಗ್ ನೋಡಿಸಿ, ದಯವಿಟ್ಟು.

ರೆಕಾರ್ಡ್ ಮಾಡುವಾಗ ಲಯ ತಪ್ಪದಿರಲು ಕೇಳುವ ಕ್ಲಿಕ್ ಬಗ್ಗೆ ಒಂದು ಮಾತು. ಕಿವಿಯಲ್ಲಿ ಟಿಕ್ ಟಿಕ್ ಕೇಳಿಸಿಕೊಂಡು ಏಳರ ಹಾಡು ಬಾರಿಸಿದಾಗ ನಾನು ಮತ್ತೆ ಲೆಕ್ಕ ಮಾಡಲು ಶುರು ಮಾಡಿದೆ. ಅದನ್ನು ಬಿಟ್ಟು, ಮಾಸ್ತರರ ಠೇಕಾವನ್ನೇ ಹದಿನೇಳು ನಿಮಿಷ ರೆಕಾರ್ಡ್ ಮಾಡಿಕೊಂಡು ಹೆಡ್‌ಫೋನಿಗೆ ಹಾಕಿಕೊಂಡೆವು. ಕೊನೆಯ ಭಾಗಕ್ಕೆ ಅವರು ತಾವಾಗಿಯೇ ಸ್ವಲ್ಪ ಲಯ ಏರಿಸಿದ್ದರು. ನಾವೂ ಅವರ ಹಿಂದೆ ಏರಿದೆವು. ಮೂರನೆಯ ಟೇಕ್ ಇಟ್ಟುಕೊಂಡೆವು. ಅದರ ಕೊನೆಯಲ್ಲಿ, ಸಿಂಬಲ್ ಸದ್ದು ಆರುವಾಗ, ಹುಬ್ಬಳ್ಳಿ ಕಡೆ ಹೋಗುವ ರೈಲಿನ ಕೂಗು ದೂರದಲ್ಲಿ ಕೇಳುತ್ತದೆ. ಅಳಿಸಲು ಮನಸ್ಸಾಗಲಿಲ್ಲ.

ಐದೂ ಹಾಡು ಸೇರಿ ಮೊದಲು 71 ನಿಮಿಷ ಆಗಿತ್ತು. 1969ರಲ್ಲಿ ಬಂದ, ಇಂಗ್ಲೆಂಡಿನ ಪ್ರೋಗ್ರೆಸ್ಸಿವ್ ರಾಕ್ ತಂಡ ಕಿಂಗ್ ಕ್ರಿಮ್ಸನ್‌ನ ಮೊದಲ ಆಲ್ಬಂನಲ್ಲೂ ಐದೇ ಹಾಡು, ಆದರೆ ಸುಮಾರು 44 ನಿಮಿಷ. ಆಗಿನ ಎಲ್‌ಪಿ ತಟ್ಟೆಯ ಒಂದು ಮಗ್ಗುಲಿಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷವೇ ಹಿಡಿಯುತ್ತಿತ್ತು. ಆ ಕಟ್ಟು ಒಳ್ಳೆಯದು ಎಂದು ನನಗೆ ಅನಿಸುತ್ತದೆ. ನಾವೂ 43ಕ್ಕೆ ಇಳಿಸಿದೆವು. ನನ್ನ ನಾಲ್ಕು ನಿಮಿಷದ ಡ್ರಮ್ ಸೋಲೋ ಹೋಯಿತು. ಸರಿಯಾಗಿಯೇ ಹೋಯಿತು.

ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚೆ ಇಡೀ ಆಲ್ಬಂನ ಸದ್ದು ಹದ ಮಾಡುವ ಕೊನೆಯ ಕೆಲಸ, ಎರಡು ಸಲ ಮಾಡಿಸಬೇಕಾಯಿತು. ಮೊದಲು ಮಾಡಿದವರು ಸದ್ದನ್ನು ಎಷ್ಟು ಹಿಂಡಿದ್ದರೆಂದರೆ, ಪಿಸುಮಾತಿನ ಜಾಗವೂ ಅಬ್ಬರದ ಜಾಗವೂ ಒಂದೇ ಎತ್ತರಕ್ಕೆ ಬಂದಿದ್ದವು. ಸ್ಪಾಟಿಫೈ ಹೇಗೂ ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾನ) ಮಟ್ಟಕ್ಕೆ ತಂದು ಕೇಳಿಸುತ್ತದೆ. ಹಿಂಡಿ ಗಳಿಸಿದ್ದು ಏನೂ ಇಲ್ಲ, ಕಳೆದದ್ದೇ ಜಾಸ್ತಿ. ಎರಡನೆಯ ಸಲ ನಾವೇ ಪಕ್ಕದಲ್ಲಿ ಕೂತು ಮಾಡಿಸಿದೆವು.

ಮಾಸ್ಟರಿಂಗ್‌ಗೆ ಕಳಿಸುವ ಮೊದಲು ಹಾಡುಗಾರ ಏಳರ ಹಾಡನ್ನು ಗದಗಿಗೆ ಒಯ್ದು ಅಜ್ಜಿಗೆ ಕೇಳಿಸಿದ್ದ. ಗಿಟಾರಿನ ಅಬ್ಬರ ಅವರಿಗೆ ಏನನಿಸೀತೋ ಎಂಬ ಅಳುಕಿತ್ತು. ಅಜ್ಜಿ ಅಬ್ಬರದ ಬಗ್ಗೆ ಏನೂ ಹೇಳಲಿಲ್ಲ. ಎರಡನೆಯ ಸಾಲಿಗೆ ಕೈ ಎತ್ತಿ ನಿಲ್ಲಿಸಿದರು.

"ಇಲ್ಲೆ ಒಂದು ಮಾತ್ರೆ ಕಡಿಮಿ ಬಿದ್ದದ ಅಲ್ಲೋ? ನೀ ಎಳದು ಮುಚ್ಚೀದಿ."

ಆ ಸಾಲು ಹೀಗಿತ್ತು: "ನೆನೆದ ಬಸ್ಸಿನ ಕದವು ತೆರೆದು." ಎಣಿಸಿದೆವು. ಮೂರು, ನಾಲ್ಕು, ಮೂರು, ಮೂರು. ನಾವು ಐವರೂ ನೂರಾರು ಸಲ ಕೇಳಿದ್ದರೂ ಗೊತ್ತಾಗಿರಲಿಲ್ಲ. ಹಾಡುಗಾರ ಮರುದಿನ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಬಂದ. ಗೋದಾಮಿನಲ್ಲಿ ಕೌದಿಗಳನ್ನು ಮತ್ತೆ ಹಗ್ಗಕ್ಕೆ ಹಾಕಿ, ಒಂದೇ ಮೈಕ್ ಇಟ್ಟು, ಆ ಕೊನೆಯ ಪದವನ್ನು ತೆರೆಯಿತು ಎಂದು ಹಾಡಿಸಿದೆವು.